ಅಪ್ಪಾ, ಅಲ್ಲಿ ಬಾಗಿಲಿದೆ

ಮಗಳ ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದ ಸಂಜೆಯೇ ಗೇಮಿಂಗ್ ಕನ್ಸೋಲ್ ಅಟ್ಟದಿಂದ ಕೆಳಗಿಳಿಯಿತು. ಹತ್ತು ತಿಂಗಳು ಹಳೇ ಕುಕ್ಕರಿನ ಪಕ್ಕ ವನವಾಸ ಮಾಡಿತ್ತು, ಪಾಪ. ಅದರ ಧೂಳು ಒರೆಸುತ್ತಾ ಅವಳು, “ಅಪ್ಪಾ, ನೀನೂ ಬಾ, ಆಡೋಣ” ಎಂದಳು. ಆಗ ಆಫೀಸಿನ ಕೆಲಸದ ನೆಪ ಹೇಳಿ ಸುಮ್ಮನಿರಬೇಕಿತ್ತು. ಬಾಯಿ ಸುಮ್ನಿರಬೇಕಲ್ಲ?

“ನಾನು ಆಗಿನ ಕಾಲದಲ್ಲೇ ಕಾಂಟ್ರಾ ಮುಗಿಸಿದವನು ಕಣೇ” ಎಂದುಬಿಟ್ಟೆ.

ಮಾತು ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ. ತೊಂಬತ್ತರ ದಶಕದಲ್ಲಿ ತಿಪಟೂರಿನ ನಮ್ಮ ಬೀದಿಗೆಲ್ಲ ಇದ್ದದ್ದು ಒಂದೇ ವೀಡಿಯೊ ಗೇಮು. ಜಪಾನಿನ ನಿಂಟೆಂಡೊ ಕಂಪನಿಯ ಯಂತ್ರದ ನಕಲು ಅದು. ಅಸಲಿ ಬೇರೆ ಇದೆ ಅಂತ ನಮಗೆ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ. ಅದಕ್ಕೆ ಹಾಕುವ ಕ್ಯಾಸೆಟ್ಟಿನ ಮೇಲೆ ‘9999 ಇನ್ 1’ ಅಂತ ಬರೆದಿರುತ್ತಿತ್ತು. ಹತ್ತು ಹದಿನೈದು ಆಟ ಆದ ಮೇಲೆ ಅವೇ ಆಟಗಳು ಬೇರೆ ಹೆಸರಲ್ಲಿ ತಿರುಗಿ ಬರುತ್ತಿದ್ದವು. ಅದರಲ್ಲಿ ಕಾಂಟ್ರಾ ಮಹಾ ಕಷ್ಟ. ಮೂರೇ ಜೀವ, ಗುಂಡು ತಾಗಿದರೆ ಸತ್ತ. ಆದರೆ ನಮ್ಮ ಬೀದಿಯ ಹುಡುಗರೆಲ್ಲ ಮಗ್ಗಿಗಿಂತ ಚೆನ್ನಾಗಿ ಒಂದು ಮಂತ್ರ ಕಲಿತಿದ್ದೆವು. ಮೇಲೆ ಮೇಲೆ, ಕೆಳಗೆ ಕೆಳಗೆ, ಎಡ ಬಲ, ಎಡ ಬಲ, ಬಿ, ಎ. ಶುರುವಿನಲ್ಲೇ ಇದನ್ನು ಒತ್ತಿದರೆ ಮೂರು ಜೀವ ಮೂವತ್ತಾಗುತ್ತಿತ್ತು.

ಈ ಮಂತ್ರದ ಋಷಿ ಕಝುಹಿಸಾ ಹಶಿಮೊಟೊ. ಕೊನಾಮಿ ಕಂಪನಿಯಲ್ಲಿ ಪ್ರೋಗ್ರಾಂ ಬರೆಯುತ್ತಿದ್ದವರು. 1986ರಲ್ಲಿ ಗ್ರೇಡಿಯಸ್ ಅನ್ನುವ ಆಟವನ್ನು ಮನೆಯ ಯಂತ್ರಕ್ಕೆ ಇಳಿಸುವಾಗ, ಅದನ್ನು ಪರೀಕ್ಷೆ ಮಾಡಬೇಕಲ್ಲ? ಆಡಿದರೆ ಅವರಿಗೇ ಆಗಲಿಲ್ಲ. ಅಷ್ಟು ಕಷ್ಟ. ತಮ್ಮ ಅನುಕೂಲಕ್ಕೆ ಅಂತ ಈ ಗುಟ್ಟಿನ ದಾರಿ ಮಾಡಿಕೊಂಡರು, ಅದು ಆಟದೊಳಗೇ ಉಳಿದುಬಿಟ್ಟಿತು. 2020ರಲ್ಲಿ ಅವರು ತೀರಿಕೊಂಡ ಸುದ್ದಿ ಓದಿ ನನಗೆ ನಿಜಕ್ಕೂ ಬೇಜಾರಾಯಿತು. ಆಟ ಮಾಡಿದವರಿಗೇ ಆಟ ಬರುತ್ತಿರಲಿಲ್ಲ ಅನ್ನುವುದಕ್ಕಿಂತ ದೊಡ್ಡ ಸಮಾಧಾನ ನನ್ನಂಥವನಿಗೆ ಇನ್ನೇನಿದೆ?

ಈ ಕತೆಯನ್ನೆಲ್ಲ ಮಗಳಿಗೆ ಹೇಳಿದೆ. ಅವಳಿಗೆ ಕೇಳಿಸಿದ್ದು ಒಂದೇ. “ಅಂದ್ರೆ ಮೋಸ ಮಾಡಿ ಗೆದ್ದಿದ್ದಾ?”

ಅಲ್ಲಿಂದ ಅವಳು ಮದುವೆ ದಲ್ಲಾಳಿಯ ಹಾಗೆ ನನಗೊಂದು ಆಟ ಗೊತ್ತು ಮಾಡಲು ನಿಂತಳು. ಎಲ್ಲರಿಗೂ ಒಪ್ಪುವ ಒಂದು ಬಗೆಯ ಆಟ ಇದ್ದೇ ಇರುತ್ತದಂತೆ. ನೋಡುತ್ತಾ ಹೋದರೆ ಯಾವುದಾದರೂ ಕೂಡಿ ಬರುತ್ತದಂತೆ. ನನಗೋ ವೀಡಿಯೊ ಗೇಮಿನಲ್ಲಿ ಬಗೆಗಳಿವೆ ಅನ್ನುವುದೇ ಹೊಸ ಸುದ್ದಿ. ದೋಸೆಯಲ್ಲಿ ಸೆಟ್, ಬೆಣ್ಣೆ, ಈರುಳ್ಳಿ ಇದ್ದ ಹಾಗಿರಬಹುದು ಅಂದುಕೊಂಡೆ.

ಮೊದಲು ಬಂದದ್ದು ಎಫ್‌ಪಿಎಸ್, ಅಂದರೆ ಫಸ್ಟ್ ಪರ್ಸನ್ ಶೂಟರ್. ಇದರಲ್ಲಿ ನಮ್ಮ ಗೊಂಬೆ ನಮಗೆ ಕಾಣುವುದಿಲ್ಲ. ಪರದೆಯೇ ನಮ್ಮ ಕಣ್ಣು. ಕೆಳಗೆ ಒಂದು ಬಂದೂಕು, ಅದನ್ನು ಹಿಡಿದ ಎರಡು ಕೈ. 1993ರಲ್ಲಿ ಡೂಮ್ ಬಂದಾಗಿನಿಂದ ಲೋಕವೆಲ್ಲ ಹುಚ್ಚು ಹತ್ತಿಸಿಕೊಂಡ ಬಗೆ. ಕಂಟ್ರೋಲರಿನಲ್ಲಿ ಎರಡು ಕಡ್ಡಿಗಳಿದ್ದವು. ಎಡಗಡೆಯದು ನಡೆಯೋಕೆ, ಬಲಗಡೆಯದು ನೋಡೋಕೆ. ನಲವತ್ತಾರು ವರ್ಷದಿಂದ ನಡೆಯುವುದೂ ನೋಡುವುದೂ ತಾವಾಗಿ ಜೊತೆಜೊತೆಗೆ ಆಗಿಕೊಂಡು ಬಂದಿದ್ದವು. ಈಗ ಇಬ್ಬರಿಗೂ ಬೇರೆ ಬೇರೆ ಅಡುಗೆಮನೆ. ಶತ್ರುಗಳು ಗುಂಡು ಹಾರಿಸುತ್ತಿದ್ದರೆ ನಾನು ಮಳೆಗಾಲಕ್ಕೆ ಮುಂಚೆ ಸೂರು ಸೋರುತ್ತದಾ ಅಂತ ನೋಡುವವನ ಹಾಗೆ ಮೇಲೆ ನೋಡುತ್ತಾ ಮೂಲೆಯಲ್ಲಿ ಸುತ್ತುತ್ತಿದ್ದೆ.

ಅದೂ ಪರವಾಗಿಲ್ಲ. ಹದಿನೈದು ನಿಮಿಷಕ್ಕೆ ಹಣೆ ಬೆವರಿತು. ಬಾಯಲ್ಲಿ ನೀರೂರಿತು. ಹಸಿವಿನ ನೀರಲ್ಲ, ಇನ್ನೊಂದು ಬಗೆಯದು. ಆಗುಂಬೆ ಘಾಟಿಯ ಹದಿನಾಲ್ಕೂ ತಿರುವನ್ನು ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತು ಇಳಿದ ಹಾಗಾಯಿತು. ಹೆಂಡತಿ ಅಡುಗೆಮನೆಯಿಂದ ನಿಂಬೆಹಣ್ಣು ತಂದುಕೊಟ್ಟು, “ಸೋಫಾ ಮೇಲೆ ಕೂತು ಯಾವ ಘಾಟಿ ಇಳಿದ್ರಿ?” ಎಂದಳು.

ಅವಳ ಮಾತಿನಲ್ಲೇ ವಿಜ್ಞಾನ ಇತ್ತು. ನಾವು ಅಲುಗಾಡುತ್ತಿದ್ದೇವೋ ಇಲ್ಲವೋ ಅಂತ ಮಿದುಳಿಗೆ ವರದಿ ಕೊಡುವವರು ಇಬ್ಬರು, ಕಣ್ಣು ಮತ್ತು ಒಳಗಿವಿ. ಬಸ್ಸಿನಲ್ಲಿ ಪುಸ್ತಕ ಓದುವಾಗ ಒಳಗಿವಿ ‘ಚಲಿಸುತ್ತಿದ್ದೇವೆ’ ಅನ್ನುತ್ತದೆ, ಪುಟದ ಮೇಲೆ ನೆಟ್ಟ ಕಣ್ಣು ‘ಇಲ್ಲವಲ್ಲ’ ಅನ್ನುತ್ತದೆ. ಈ ಆಟದಲ್ಲಿ ಉಲ್ಟಾ. ಕಣ್ಣು ‘ಓಡು, ಓಡು’ ಅಂತ ಕೂಗುತ್ತದೆ, ಒಳಗಿವಿ ‘ಎಲ್ಲಿಗೆ? ಸೋಫಾದಲ್ಲೇ ಇದ್ದೀವಲ್ಲ’ ಅನ್ನುತ್ತದೆ. ಇಬ್ಬರ ಜಗಳದಲ್ಲಿ ಹೊಟ್ಟೆಗೆ ಏಟು. ಕೋಣೆಯ ದೀಪ ಹಾಕಿಕೊಳ್ಳುವುದು, ಟೀವಿಯಿಂದ ದೂರ ಕೂರುವುದು, ನೋಟದ ಕೋನ ಅಗಲ ಮಾಡುವುದು, ನಡೆಯುವಾಗ ಪರದೆ ಕುಲುಕುವುದನ್ನು ನಿಲ್ಲಿಸುವುದು, ಹೀಗೆ ಪರಿಹಾರಗಳಿವೆ. ಎಲ್ಲ ಮಾಡಿದೆವು. ನನ್ನ ಹದಿನೈದು ನಿಮಿಷ ಇಪ್ಪತ್ತೆರಡಕ್ಕೆ ಏರಿತು. ಆ ಇಪ್ಪತ್ತೆರಡನೇ ನಿಮಿಷಕ್ಕೇ ಎದುರುಮನೆಯವರು ಮಗನ ಮದುವೆ ಪತ್ರಿಕೆ ಕೊಡಲು ಬಂದದ್ದು. ಟೀವಿಯಲ್ಲಿ ಗುಂಡಿನ ಸದ್ದು, ಸೋಫಾದ ಮೇಲೆ ಕಣ್ಣು ಮುಚ್ಚಿ ಮೂಗಿಗೆ ನಿಂಬೆಹಣ್ಣು ಒತ್ತಿಕೊಂಡ ನಾನು. ಆಕೆ ನನ್ನ ಹೆಂಡತಿಯ ಹತ್ತಿರ ಮೆತ್ತಗೆ, “ಯಾವಾಗಿಂದ ಹೀಗೆ?” ಅಂತ ವಿಚಾರಿಸಿದರಂತೆ.

ಮುಂದಿನ ಸಂಬಂಧ ಜಪಾನಿನದು. 2011ರ ಡಾರ್ಕ್ ಸೋಲ್ಸ್. ಅದರ ವಂಶದ ಆಟಗಳಿಗೆಲ್ಲ ಸೋಲ್ಸ್‌ಲೈಕ್ ಅಂತ ಹೆಸರು. ಇಂಗ್ಲಿಷಿನಲ್ಲಿ ಆತ್ಮ ಗೀತ್ಮ ಅಂತ ಏನೋ ಅರ್ಥ ಇರಬಹುದು, ಕನ್ನಡದ ಕಿವಿಗೆ ಮಾತ್ರ ‘ಸೋಲು’ ಅಂತಲೇ ಕೇಳುತ್ತದೆ. ಇದಕ್ಕಿಂತ ಪ್ರಾಮಾಣಿಕವಾದ ಹೆಸರನ್ನು ನಾನು ಕಂಡಿಲ್ಲ.

ಆಟ ಶುರುವಾಗುವುದು ಜೈಲಿನಲ್ಲಿ. ಹೇಗೋ ಹೊರಗೆ ಬಂದೆ. ಒಂದು ಅಂಗಳ, ಅಲ್ಲೊಂದು ಬೆಂಕಿ, ಎದುರಿಗೆ ದೊಡ್ಡ ಬಾಗಿಲು. ತಳ್ಳಿಕೊಂಡು ಒಳಗೆ ಹೋದರೆ ಮೇಲಿನಿಂದ ಧೊಪ್ಪೆಂದು ಒಬ್ಬ ಬಿದ್ದ. ರಾಕ್ಷಸ. ಎರಡಂತಸ್ತಿನ ಮನೆಯಷ್ಟು ದೇಹ, ಕೈಯಲ್ಲಿ ತೆಂಗಿನ ಮರದಷ್ಟು ದಪ್ಪದ ಗದೆ. ನನ್ನ ಕೈಯಲ್ಲಿ ಏನಿದೆ ಅಂತ ನೋಡಿಕೊಂಡೆ. ಮುರಿದ ಕತ್ತಿ. ಮುರಿದದ್ದು ಅಂದರೆ ಹಿಡಿ ಇದೆ, ಕತ್ತಿ ಇಲ್ಲ. ಬದನೆಕಾಯಿ ಹೆಚ್ಚುವುದಕ್ಕೂ ಬಾರದು.

ಹೋರಾಡಿದೆ. ಸತ್ತೆ. ಪರದೆಯ ಮೇಲೆ ಕೆಂಪಕ್ಷರದಲ್ಲಿ ‘ಯು ಡೈಡ್’ ಅಂತ ಬಂತು. ಗೊತ್ತಾಗಿತ್ತು, ಆದರೂ ತಿಳಿಸಿದರು. ಮತ್ತೆ ಅದೇ ಅಂಗಳದ ಬೆಂಕಿಯ ಪಕ್ಕ ಎದ್ದೆ. ಮತ್ತೆ ಬಾಗಿಲು, ಮತ್ತೆ ಧೊಪ್, ಮತ್ತೆ ಗದೆ. ಖಾತೆ ಬದಲಾವಣೆಗೆ ಅಲೆದವರಿಗೆ ಈ ಅನುಭವ ಹೊಸದಲ್ಲ. ಪ್ರತಿ ಸಲವೂ ಅದೇ ಕೌಂಟರು, ಅದೇ ಮುಖ, ಪ್ರತಿ ಸಲವೂ ನಾವು ಮೊದಲಿನಿಂದ. ಅಲ್ಲಿ ತಾಳ್ಮೆಯಿಂದ ಕೆಲಸ ಆಗಿತ್ತಲ್ಲ, ಇಲ್ಲೂ ಆಗುತ್ತದೆ ಅಂದುಕೊಂಡೆ. ಸಂಜೆ ಏಳಕ್ಕೆ ಕೂತವನು ಒಂಬತ್ತೂವರೆಗೂ ಏಳಲಿಲ್ಲ. ಆ ರಾಕ್ಷಸನ ಹೊಟ್ಟೆಗೆ ಕತ್ತಿಯ ಹಿಡಿಯಿಂದ ತಿವಿದೇ ತಿವಿದೆ. ಅವನಿಗೆ ಕಚಗುಳಿಯಾದರೂ ಆಯಿತೋ ಇಲ್ಲವೋ. ಮಗಳು ಪಕ್ಕದಲ್ಲಿ ಚುರುಮುರಿ ತಿನ್ನುತ್ತಾ ಮೌನವಾಗಿ ನೋಡುತ್ತಿದ್ದಳು. ಹತ್ತೊಂಬತ್ತನೇ ಸಲ ಸತ್ತ ಮೇಲೆ ಬಟ್ಟಲು ಕೆಳಗಿಟ್ಟು ಹೇಳಿದಳು.

“ಅಪ್ಪಾ, ಅಲ್ಲಿ ಬಾಗಿಲಿದೆ.”

ಇತ್ತು. ಎಡಗಡೆ. ತೆರೆದೇ ಇತ್ತು. ಮೊದಲ ಸಲ ಆ ರಾಕ್ಷಸನ ಹತ್ತಿರ ಹೊಡೆದಾಡಲೇಬಾರದಂತೆ. ಆ ಬಾಗಿಲಿಂದ ಓಡಿಹೋಗಿ, ಸರಿಯಾದ ಆಯುಧ ತಗೊಂಡು, ಆಮೇಲೆ ಬರಬೇಕಂತೆ. “ಇಷ್ಟೊತ್ತು ಯಾಕೇ ಹೇಳಲಿಲ್ಲ?” ಅಂದರೆ, “ನೀನು ಕೇಳ್ಲಿಲ್ಲ. ಆಮೇಲೆ ನಿನ್ನ ಛಲ ನೋಡ್ತಾ ನಂಗೆ ಹೇಳೋಕೇ ಮನಸ್ಸು ಬರ್ಲಿಲ್ಲ” ಎಂದಳು. ಈಗ ಆ ಮಾತು ನಮ್ಮ ಮನೆಯ ಗಾದೆ. ಮಿಕ್ಸಿ ಜಾರಿನ ಮುಚ್ಚಳವನ್ನು ಉಲ್ಟಾ ತಿರುಗಿಸುತ್ತಾ ಬೆವರುತ್ತಿದ್ದರೆ ಹಿಂದಿನಿಂದ ಯಾರಾದರೂ ಒಬ್ಬರು ಹೇಳುತ್ತಾರೆ, “ಅಲ್ಲಿ ಬಾಗಿಲಿದೆ.”

ಹೊಡೆದಾಟದ ಆಟ ನನಗಲ್ಲ ಅಂತ ತೀರ್ಮಾನವಾಗಿ, ಬುದ್ಧಿ ಉಪಯೋಗಿಸುವ ಆಟಕ್ಕೆ ಬಂದೆವು. ಏಜ್ ಆಫ್ ಎಂಪೈರ್ಸ್, ಎರಡನೇ ಭಾಗ, 1999ರದು. ಇದು ಚೆನ್ನಾಗಿದೆ ಅಂತ ಶುರುವಿನಲ್ಲಿ ನನಗೂ ಅನ್ನಿಸಿತು. ಮೇಲಿನಿಂದ ಇಡೀ ಊರು ಕಾಣುತ್ತದೆ. ಸೌದೆ, ಊಟ, ಚಿನ್ನ, ಕಲ್ಲು ಒಟ್ಟು ಮಾಡಬೇಕು. ಕುರಿ ಸಿಗುತ್ತವೆ. ನಾನು ಮನೆಗಳನ್ನು ಸಾಲಾಗಿ ಕಟ್ಟಿಸಿದೆ. ಹೊಲಗಳನ್ನು ಚೌಕವಾಗಿ ಹಾಕಿಸಿದೆ. ಇಪ್ಪತ್ತು ಗೌಂಡಿಗಳನ್ನಿಟ್ಟು ಒಂದು ಚಂದದ ಬೀದಿ ಮಾಡಿಸುತ್ತಿದ್ದಾಗ ಕುದುರೆಗಳ ಸದ್ದು ಕೇಳಿತು. “ಸೈನ್ಯ ಎಲ್ಲಿ?” ಅಂದಳು ಮಗಳು. ಸೈನ್ಯ ಇರಲಿಲ್ಲ. ಆ ಖರ್ಚು ದಂಡ ಅಂತ ಮಾಡಿರಲಿಲ್ಲ. ಎರಡನೇ ಸಲ ಬುದ್ಧಿ ಕಲಿತು ಆನೆ ಕುದುರೆ ಎಲ್ಲ ಮಾಡಿಟ್ಟೆ. ಎದುರಾಳಿ ಕಡೆಯಿಂದ ಒಬ್ಬ ಸನ್ಯಾಸಿ ಬಂದು ನಿಂತು, ಏನೋ ಜಪ ಮಾಡಿದ, ನನ್ನ ಆನೆ ಬಣ್ಣ ಬದಲಾಯಿಸಿ ಅವನ ಕಡೆ ಸೇರಿತು. ನಮ್ಮಲ್ಲಿ ಪಕ್ಷಾಂತರಕ್ಕೆ ಕಾಯ್ದೆ ಬಂದದ್ದು 1985ರಲ್ಲಿ, ಸೂಪರ್ ಮಾರಿಯೋ ಬಂದ ವರ್ಷವೇ. ಆ ಆಟದವರಿಗೆ ಇನ್ನೂ ಬಂದಿಲ್ಲ.

ಇನ್ನು ಸ್ಕೈರಿಮ್. ಇದು ಓಪನ್ ವರ್ಲ್ಡ್. ದೊಡ್ಡ ರಾಜ್ಯ, ಎಲ್ಲಿ ಬೇಕಾದರೂ ಹೋಗು, ಏನು ಬೇಕಾದರೂ ಎತ್ತಿಕೊ. ಈ ಎರಡನೇ ಮಾತನ್ನು ಮಧ್ಯಮ ವರ್ಗದವನಿಗೆ ಹೇಳಬಾರದಿತ್ತು. ನಮ್ಮ ಅಟ್ಟದ ಮೇಲೆ ಖಾಲಿ ಹಾರ್ಲಿಕ್ಸ್ ಬಾಟಲಿಗಳು ಎಷ್ಟಿವೆ ಅಂತ ದೇವರಿಗೇ ಗೊತ್ತು. ಒಂದು ದಿನ ಬೇಕಾಗುತ್ತವೆ. ಹಾಗೆಯೇ ಅಲ್ಲೂ ತಟ್ಟೆ, ಬಕೆಟ್ಟು, ಪೊರಕೆ, ಚೀಸಿನ ಗಾಲಿ, ಯಾರದೋ ಮನೆಯ ಸೌಟು, ಎಲ್ಲವನ್ನೂ ಚೀಲಕ್ಕೆ ಹಾಕಿದೆ. ಹೊರುವ ತೂಕ ಮುನ್ನೂರು ದಾಟಿದರೆ ಓಡಲು ಬರುವುದಿಲ್ಲ ಅನ್ನುವುದು ಡ್ರ್ಯಾಗನ್ ಬಂದ ಮೇಲೆ ತಿಳಿಯಿತು. “ಪೊರಕೆ ಬಿಸಾಡಪ್ಪಾ!” ಅಂತ ಮಗಳು ಕಿರುಚಿದಳು. ಗಟ್ಟಿಮುಟ್ಟಾದ ಪೊರಕೆ. ಹೇಗೆ ಬಿಸಾಡಲಿ?

ಹಾರರ್ ಆಟವನ್ನು ನಾಲ್ಕು ನಿಮಿಷ ಆಡಿದೆ. ಆಮೇಲೆ ಮೂರು ದಿನ ಬಚ್ಚಲುಮನೆಗೆ ಹೋಗುವಾಗ ಹಾಲಿನ ದೀಪ ಹಾಕಿಯೇ ಹೋಗುತ್ತಿದ್ದೆ. ಇದರ ಬಗ್ಗೆ ಜಾಸ್ತಿ ಬರೆಯುವುದಿಲ್ಲ.

ಫೈಟಿಂಗ್ ಗೇಮಿನಲ್ಲಿ ಆದದ್ದು ನನ್ನ ಅವಮಾನ ಮಾತ್ರವಲ್ಲ, ಮಗಳದ್ದೂ ಹೌದು. ಟೆಕ್ಕನ್. ಇಬ್ಬರು ಎದುರುಬದುರು ನಿಂತು ಹೊಡೆದಾಡುವುದು. ಯಾವ ಗುಂಡಿ ಆದಮೇಲೆ ಯಾವ ಗುಂಡಿ ಅಂತ ಅವಳು ಅಭ್ಯಾಸ ಮಾಡಿದ್ದಳು, ಸಂಗೀತದವರು ಸರಳೆ ವರಸೆ ಮಾಡುವ ಹಾಗೆ. ನನ್ನನ್ನು ಒಂಬತ್ತು ಸಲ ಮಲಗಿಸಿದಳು. ಹೆಂಡತಿ ಕೈ ಒರೆಸಿಕೊಳ್ಳುತ್ತಾ ಬಂದು, “ಕೊಡಿ ಇಲ್ಲಿ, ಏನದು?” ಅಂತ ನನ್ನ ಕಂಟ್ರೋಲರ್ ತಗೊಂಡಳು. ಎಡ್ಡಿ ಗೋರ್ಡೊ ಅನ್ನುವ ಬ್ರೆಜಿಲ್‌ನವನನ್ನು ಆರಿಸಿಕೊಂಡಳು, ಅವನ ಪ್ಯಾಂಟಿನ ಬಣ್ಣ ಚೆನ್ನಾಗಿದೆ ಅಂತ. ಆಮೇಲೆ ಎಲ್ಲ ಗುಂಡಿಗಳನ್ನೂ ರಾಗಿ ಮುದ್ದೆ ತಿರುವುವ ಜೋರಿನಲ್ಲಿ ಒತ್ತಿದಳು. 1997ರಲ್ಲಿ ಟೆಕ್ಕನ್ 3 ಬಂದಾಗಿನಿಂದಲೂ ಈ ಎಡ್ಡಿಗೆ ಅದೇ ಖ್ಯಾತಿ, ಆಟ ಬಾರದವರ ಆಪದ್ಬಾಂಧವ. ಅವನು ಕೈ ಊರಿ ಕಾಲು ಮೇಲೆ ಮಾಡಿ ಬುಗುರಿಯ ಹಾಗೆ ತಿರುಗಿದ. ಮಗಳು ಸೋತಳು. ಇನ್ನೊಂದು ಸಲ ಅಂದಳು, ಅದರಲ್ಲೂ ಸೋತಳು. ಹೆಂಡತಿ, “ಇಷ್ಟೇನಾ? ಇದಕ್ಕಾ ಇಷ್ಟು ಗಲಾಟೆ?” ಅಂತ ಒಳಗೆ ಹೋದಳು. ಆಮೇಲೆ ಒಂದು ದಿನವೂ ಆಡಲಿಲ್ಲ. ಅಜೇಯಳಾಗಿಯೇ ನಿವೃತ್ತಿ.

ಫೋನಿನಲ್ಲಿ ಆಡುವ ಬಿಜಿಎಂಐ ಬಗ್ಗೆ ಹೇಳದಿದ್ದರೆ ಧಾರವಾಡದ ಆ ಹುಡುಗನಿಗೆ ಮೋಸವಾಗುತ್ತದೆ. ಪಬ್‌ಜಿಯನ್ನು 2020ರ ಸೆಪ್ಟೆಂಬರಿನಲ್ಲಿ ಸರ್ಕಾರ ನಿಷೇಧ ಮಾಡಿದ ಮೇಲೆ, ಮರುವರ್ಷ ಅದೇ ದೇಹ ಬೇರೆ ಹೆಸರಲ್ಲಿ ಬಂತಲ್ಲ, ಅದು. ನೂರು ಜನ ವಿಮಾನದಿಂದ ಹಾರುತ್ತಾರೆ, ಕೊನೆಗೆ ಉಳಿದವರು ಗೆದ್ದರು. ನನ್ನ ತಂತ್ರ ಸರಳವಾಗಿತ್ತು. ಇಳಿದ ತಕ್ಷಣ ಒಂದು ಮನೆ ಹುಡುಕಿ, ಬಚ್ಚಲಿಗೆ ಹೋಗಿ, ಬಾಗಿಲು ಹಾಕಿಕೊಂಡು ಕೂರುವುದು. ಬಂದೂಕು ಸಿಗಲಿಲ್ಲ, ಬಾಣಲೆ ಸಿಕ್ಕಿತ್ತು. ಆ ಆಟದಲ್ಲಿ ಬಾಣಲೆ ಗುಂಡನ್ನೂ ತಡೆಯುತ್ತದೆ. ಹೀಗೆ ಮುಕ್ಕಾಲು ಪಾಲು ಜನ ಹೊರಗೆ ಸಾಯುವವರೆಗೆ ಬಚ್ಚಲಲ್ಲಿ ಭದ್ರವಾಗಿದ್ದೆ. ನನ್ನ ಮೈಕು ಆನ್ ಆಗಿದ್ದದ್ದು ಮಾತ್ರ ಗೊತ್ತಿರಲಿಲ್ಲ. ಹೆಂಡತಿ ಅಡುಗೆಮನೆಯಿಂದ ಕೂಗಿದಳು. “ರೀ, ಕೊತ್ತಂಬರಿ ಸೊಪ್ಪು ತನ್ನಿ ಅಂತ ಅರ್ಧ ಗಂಟೆಯಿಂದ ಹೇಳ್ತಿದ್ದೀನಿ, ಸಾರು ಇಳಿಸಿ ಆಯ್ತು!” ಒಂದು ಕ್ಷಣ ರಣರಂಗವೆಲ್ಲ ನಿಶ್ಶಬ್ದ. ಆಮೇಲೆ ತಂಡದ ಇನ್ನೊಬ್ಬನ ದನಿ ಬಂತು, ಹದಿಮೂರು ಹದಿನಾಲ್ಕರ ಹುಡುಗ ಇರಬೇಕು. “ಅಂಕಲ್, ನೀವು ಮೊದ್ಲ ಕೊತ್ತಂಬ್ರಿ ತರ್ರಿ. ಇಲ್ಲಿ ನಾವ್ ನೋಡ್ಕೋತೀವಿ.”

ಹೋಗಿ ತಂದೆ. ಬರುವಷ್ಟರಲ್ಲಿ ನಾನು ಸತ್ತಿದ್ದೆ. ತಂಡ ಗೆದ್ದಿತ್ತು.

ಇಷ್ಟಾದ ಮೇಲೆ ದಲ್ಲಾಳಿ ಕೈಚೆಲ್ಲಿ, “ಅಪ್ಪಾ, ಇನ್ನುಳಿದಿರೋದು ಬೇಸಾಯ ಒಂದೇ” ಎಂದಳು. ನಮ್ಮೂರಲ್ಲಿ ಓದು ಹತ್ತದ ಹುಡುಗರಿಗೂ ಇದೇ ಮಾತು ಹೇಳುತ್ತಿದ್ದರು.

ಸ್ಟಾರ್‌ಡ್ಯೂ ವ್ಯಾಲಿ. 2016ರಲ್ಲಿ ಬಂದದ್ದು. ಎರಿಕ್ ಬರೋನ್ ಅನ್ನುವವರು ಚಿತ್ರ, ಸಂಗೀತ, ಪ್ರೋಗ್ರಾಂ ಎಲ್ಲವನ್ನೂ ಒಬ್ಬರೇ ಕೂತು ನಾಲ್ಕು ವರ್ಷಕ್ಕೂ ಮೇಲೆ ಮಾಡಿದ ಆಟ. ಕತೆ ಏನೆಂದರೆ, ಆಫೀಸಿನಲ್ಲಿ ಬೇಸತ್ತ ಒಬ್ಬ ಕೆಲಸ ಬಿಟ್ಟು ತಾತ ಬಿಟ್ಟುಹೋದ ಜಮೀನಿಗೆ ಹೋಗುತ್ತಾನೆ. ನಾನೋ, ತಾತ ಬಿಟ್ಟುಹೋದ ಎರಡು ಎಕರೆ ತೆಂಗಿನ ತೋಟವನ್ನು ತಿಪಟೂರಿನ ಹತ್ತಿರ ಅಪ್ಪನ ತಲೆಗೆ ಕಟ್ಟಿ, ಬೆಂಗಳೂರಿನ ಬಾಡಿಗೆ ಮನೆಯಲ್ಲಿ ಕೂತು, ದುಡ್ಡು ಕೊಟ್ಟು ಈ ಆಟ ಕೊಂಡೆ.

ಮತ್ತು ಇದು ಹತ್ತಿಕೊಂಡಿತು. ವಾಂತಿ ಬರಲಿಲ್ಲ. ಯಾರೂ ಗದೆ ಹಿಡಿದು ಬೀಳಲಿಲ್ಲ. ಕೈಗೆ ಐನೂರು ಚಿನ್ನ ಕೊಟ್ಟರು, ಊರಿನ ಮುಖ್ಯಸ್ಥ ಹದಿನೈದು ಪಾರ್ಸ್‌ನಿಪ್ ಬೀಜ ಕೊಟ್ಟ. ಬಿಳಿ ಕ್ಯಾರೆಟ್ ಥರದ ಗಡ್ಡೆ ಅದು. ಅಗೆದೆ, ಬಿತ್ತಿದೆ, ದಿನಾ ನೀರು ಹಾಕಿದೆ, ನಾಲ್ಕು ದಿನಕ್ಕೆ ಬಂತು. ಬಂದ ದುಡ್ಡನ್ನೆಲ್ಲ ಹೂಕೋಸಿಗೆ ಹಾಕಿದೆ. ಒಂದು ಬೀಜಕ್ಕೆ ಎಂಬತ್ತು ಚಿನ್ನ. ಇಪ್ಪತ್ತನೇ ತಾರೀಕು ಬಿತ್ತಿದೆ. ಅಲ್ಲಿ ಒಂದು ಕಾಲ ಅಂದರೆ ಇಪ್ಪತ್ತೆಂಟೇ ದಿನ, ಹೂಕೋಸಿಗೆ ಹನ್ನೆರಡು ದಿನ ಬೇಕು ಅನ್ನುವ ಲೆಕ್ಕ ಮಾಡಲಿಲ್ಲ. ಬೇಸಿಗೆಯ ಮೊದಲ ಬೆಳಿಗ್ಗೆ ಎದ್ದು ನೋಡಿದರೆ ಹೊಲಕ್ಕೆ ಹೊಲವೇ ಒಣಗಿ ನಿಂತಿತ್ತು.

ಆ ಹೊಲದ ಮುಂದೆ ನಾನು ದುಃಖದಲ್ಲಿ ಕೂತಿದ್ದ ಭಾನುವಾರವೇ ಅಪ್ಪ ಊರಿಂದ ಕೊಬ್ಬರಿ, ರಾಗಿಹಿಟ್ಟು ಹೊತ್ತು ಬಂದರು. ಕಾಫಿ ಲೋಟ ಹಿಡಿದು ನನ್ನ ಪಕ್ಕ ಕೂತು ಟೀವಿ ನೋಡಿದರು. ಒಣಗಿದ ಬೆಳೆ ಅಂತ ಗುರುತಿಸಲು ಅವರಿಗೆ ಕನ್ನಡಕ ಬೇಕಾಗಲಿಲ್ಲ.

“ಯಾರ್ದೋ ಹೊಲ?”

“ನಂದೇ ಅಪ್ಪ.”

“ಅದೂ ನಿಂದೇನಾ.” ಲೋಟ ಒಮ್ಮೆ ಹೀರಿದರು. “ನೀರಿಗೇನು? ಬೋರಾ?”

“ಕೊಳ ಇದೆ. ಬತ್ತಲ್ಲ.”

“ಕೋತಿ, ಹಂದಿ?”

“ಇಲ್ಲ. ಕಾಗೆ ಬರುತ್ತೆ. ಬೆದರುಬೊಂಬೆ ಇಟ್ರೆ ಹೋಗುತ್ತೆ.”

“ನಿಜವಾಗ್ಲೂ ಹೋಗುತ್ತಾ?” ಅಪ್ಪ ಮುಂದಕ್ಕೆ ಸರಿದು ಕೂತರು. “ಮಾರೋದು ಎಲ್ಲಿ?”

“ಮನೆ ಬಾಗಿಲಲ್ಲಿ ಒಂದು ಪೆಟ್ಟಿಗೆ ಇದೆ. ಅದ್ರಲ್ಲಿ ಹಾಕಿ ಮಲಗಿದ್ರೆ ಬೆಳಿಗ್ಗೆ ದುಡ್ಡು.”

“ದಲ್ಲಾಳಿ?”

“ಇಲ್ಲ.”

“ರೇಟು?”

“ಈ ಗಡ್ಡೆಗೆ ಮೂವತ್ತೈದು.”

“ನಾಳೆ?”

“ಮೂವತ್ತೈದು.”

“ಊರೋರೆಲ್ಲ ಅದನ್ನೇ ಬೆಳೆದ್ರೆ?”

“ಆಗ್ಲೂ ಮೂವತ್ತೈದೇ ಅಪ್ಪ.”

ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಒಂದು ವರ್ಷ ಅವರು ಟೊಮೆಟೊ ಹಾಕಿ, ಕಿತ್ತ ಕೂಲಿಯೂ ಹುಟ್ಟದೆ ಬುಟ್ಟಿಗಟ್ಟಲೆ ದನಗಳ ಮುಂದೆ ಸುರಿದದ್ದು ನನಗೆ ನೆನಪಿತ್ತು. ಅಷ್ಟರಲ್ಲಿ ನನ್ನ ಗೊಂಬೆ ಮನೆಯೊಳಗೆ ಹೋಗಿ ತನ್ನ ಟೀವಿ ಹಾಕಿತು. ನಾಳೆ ಮಳೆ ಅಂತ ಬಂತು.

“ಬರುತ್ತಾ?”

“ಬರುತ್ತೆ.”

“ಟೀವೀಲಿ ಹೇಳಿದ ಮಳೆ, ಬಂದೇ ಬರುತ್ತಾ?”

“ಬಂದೇ ಬರುತ್ತಪ್ಪ.”

ಅಪ್ಪ ಲೋಟ ಕೆಳಗಿಟ್ಟರು. “ಇದು ಬೇಸಾಯ ಅಲ್ಲ ಕಣೋ. ಗೌರ್ಮೆಂಟ್ ಕೆಲಸ” ಎಂದರು. “ಇದ್ರಲ್ಲೂ ಲಾಸ್ ಮಾಡ್ಕೊಂಡಿದ್ದೀಯಲ್ಲ.”

ಮಗಳು ಬಾಯಿಗೆ ದಿಂಬು ಒತ್ತಿಕೊಂಡು ನಗುತ್ತಿದ್ದಳು. ನಾನು ಮರ್ಯಾದೆ ಉಳಿಸಿಕೊಳ್ಳಲು ಕುಡುಗೋಲು ತಗೊಂಡು ಸತ್ತ ಹೂಕೋಸುಗಳನ್ನು ಕೊಯ್ಯತೊಡಗಿದೆ. ಕೊಯ್ಯುತ್ತಾ ಕೊಯ್ಯುತ್ತಾ ಆಟದೊಳಗೆ ರಾತ್ರಿ ಎರಡಾಯಿತು. ಗೊಂಬೆ ಹೊಲದಲ್ಲೇ ಧೊಪ್ಪೆಂದು ಬಿತ್ತು. ಅಪ್ಪ ಗಾಬರಿಯಾದರು. ಏನೂ ಆಗಿಲ್ಲ, ಸುಸ್ತು, ಯಾರೋ ಎತ್ತಿ ಮನೆಗೆ ಹಾಕುತ್ತಾರೆ ಅಂತ ವಿವರಿಸಿದೆ. ಪರದೆ ಕಪ್ಪಾಗಿ, ಬೆಳಕಾಗಿ, ಗೊಂಬೆ ಹಾಸಿಗೆಯಿಂದ ಎದ್ದು ನಿಂತಿತು. ಹೇಳಿದ ಹಾಗೆಯೇ ಹೊರಗೆ ಮಳೆ.

“ಈಗೆಷ್ಟು ಗಂಟೆ ಅದಕ್ಕೆ?” ಅಪ್ಪ ಕೇಳಿದರು.

“ಬೆಳಿಗ್ಗೆ ಆರು.”

“ರಾತ್ರಿ ಎರಡಕ್ಕೆ ಬಿದ್ದಿತ್ತಲ್ಲ?”

“ಹೌದಪ್ಪ. ಎಷ್ಟೊತ್ತಿಗೆ ಮಲಗಿದ್ರೂ ದಿನಾ ಆರಕ್ಕೇ ಏಳುತ್ತೆ.”

ಅಪ್ಪ ಗೋಡೆ ಗಡಿಯಾರ ನೋಡಿದರು. ಹನ್ನೊಂದು ಹೊಡೆಯಲು ಐದು ನಿಮಿಷ ಇತ್ತು. ಆಮೇಲೆ, ಇನ್ನೂ ಹಲ್ಲುಜ್ಜದ ನನ್ನ ಕಡೆ ನೋಡಿದರು.